ಅಪ್‌ಡೇಟ್: ಅಮ್ಮನ ಸೊಂಟದ ಗುಳ್ಳೆ ಸರ್ಪಸುತ್ತೇ

ಬದಿಯಡ್ಕದಿಂದ ಕಳೆದ ವಾರ ಕೇಳಿದ್ದೆ: ಅಮ್ಮನಿಗೆ ಸೊಂಟದ ಬಲಬದಿಯಲ್ಲಿ ಉರಿ, ಸಾಲುಗುಳ್ಳೆ. ಸರ್ಪಸುತ್ತು ಇರಬಹುದಾ, ಕಾವಿ ಹಚ್ಚಿದರೆ ಸಾಕಾ ಅಂತ. ಬೇಗ ಚರ್ಮದ ಡಾಕ್ಟರ ಹತ್ತಿರ ಹೋಗಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮರುದಿನವೇ ಕಾಸರಗೋಡಿಗೆ ಕರಕೊಂಡು ಹೋದೆ. ಡಾಕ್ಟರು ಹೊಸದಾಗಿ ಎದ್ದ ಒಂದು ಗುಳ್ಳೆ ಆರಿಸಿದರು. ಒಣಗಿದ್ದರಲ್ಲಿ ಸರಿಯಾಗಿ ಸಿಗುವುದಿಲ್ಲವಂತೆ. ಅದರ ಮೇಲಿನ ಸಿಪ್ಪೆ ಬಿಡಿಸಿ, ತಳವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಗಾಜಿನ ಸ್ಲೈಡಿಗೆ ಸವರಿದರು. ಗಾಳಿಗೆ ಒಣಗಿಸಿ, ಗೀಮ್ಸಾ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅರ್ಧ ಗಂಟೆ ಅಷ್ಟೇ. ನನಗೂ ತೋರಿಸಿದರು! ಒಂದೇ ದೊಡ್ಡ ಜೀವಕೋಶದೊಳಗೆ ನಾಲ್ಕೈದು ಕೋಶಕೇಂದ್ರಗಳು (ನ್ಯೂಕ್ಲಿಯಸ್) ಒತ್ತೊತ್ತಾಗಿ ಕೂತಿದ್ದವು. ಇದಕ್ಕೆ ಝ್ಯಾಂಕ್ ಪರೀಕ್ಷೆ ಅಂತ ಹೆಸರು.

ಒಂದು ವಿಷಯ ಮಾತ್ರ ನೆನಪಿಡಿ. ಹರ್ಪಿಸ್ ಗುಂಪಿನ ವೈರಸ್ ಎಂದಷ್ಟೇ ಇದು ಹೇಳುತ್ತದೆ. ಸರ್ಪಸುತ್ತಾ, ಬಾಯಿಹುಣ್ಣು ತರುವ ಹರ್ಪಿಸ್ಸಾ ಎಂದು ಬೇರ್ಪಡಿಸಲು ವೈರಸ್ಸಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಅಮ್ಮನಿಗೆ ಗುಳ್ಳೆ ಒಂದೇ ಬದಿಗೆ ಪಟ್ಟಿಯ ಹಾಗೆ ಇದ್ದದ್ದರಿಂದ ಅನುಮಾನ ಉಳಿಯಲಿಲ್ಲ.

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಒಳ್ಳೆಯದಂತೆ. ನಾವು ಎರಡನೇ ದಿನಕ್ಕೇ ಹೋಗಿದ್ದೆವು, ಅದೇ ಪುಣ್ಯ. ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಇದು ಅಮ್ಮನಿಗೆ ಕೊಟ್ಟ ಲೆಕ್ಕ, ನೀವು ಸುಮ್ನೆ ತಗೊಳ್ಳಬೇಡಿ.

ಈಗ ಹೆಚ್ಚಿನ ಗುಳ್ಳೆ ಹಕ್ಕಳೆ ಕಟ್ಟಿವೆ. ರಾತ್ರಿ ಉರಿ ಇನ್ನೂ ಇದೆ. ಸರ್ಪಸುತ್ತಿಗೂ ಚಿಕನ್‌ಪಾಕ್ಸಿಗೂ ಒಂದೇ ವೈರಸ್ ಕಾರಣ. ತಂಗಿಯ ಮಗುವಿಗೆ ಚಿಕನ್‌ಪಾಕ್ಸ್ ಬಂದಿಲ್ಲ, ಹಾಗಾಗಿ ಎಲ್ಲ ಒಣಗುವವರೆಗೆ ಅಜ್ಜಿಯ ಹತ್ತಿರ ಬಿಡುತ್ತಿಲ್ಲ.