ಇನ್ನು ಇಪ್ಪತ್ತೈದು ವರ್ಷಕ್ಕೆ ಬೆಂಗಳೂರಿನ ನಂತರದ ಊರು ಯಾವುದು? ಹುಬ್ಬಳ್ಳಿಯೋ, ಬೆಳಗಾವಿಯೋ, ಮೈಸೂರೋ?

ಗದಗದ ಗಣಿತ:

ನಾನು ಗದಗದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಬರುವ ಹಣದಲ್ಲಿ 30-40ರ ಒಂದು ನಿವೇಶನ ಕೊಂಡು ಸಣ್ಣ ಮನೆ ಕಟ್ಟಬೇಕು ಎಂದಿದ್ದೇನೆ. ಯಾವ ಊರಿನಲ್ಲಿ ಎಂಬುದೇ ಮನೆಯಲ್ಲಿ ಜಗಳ. ಬೆಂಗಳೂರಿನಲ್ಲಿರುವ ಮಗಳು ಮೈಸೂರು ಎನ್ನುತ್ತಾಳೆ, ಪುಣೆಯಲ್ಲಿರುವ ಮಗ ಬೆಳಗಾವಿ ಎನ್ನುತ್ತಾನೆ. ನನ್ನ ಮನಸ್ಸು ಹುಬ್ಬಳ್ಳಿ-ಧಾರವಾಡದ ಕಡೆಗೆ.

ಇಷ್ಟೊಂದು ಯೋಚಿಸುವುದಕ್ಕೆ ಕಾರಣ ನಮ್ಮ ಅಪ್ಪ. 1974ರಲ್ಲಿ ಅವರು ಬೆಟಗೇರಿಯ ಕಡೆ ಮನೆ ಕಟ್ಟಿಸಿದರು. ಆಗ ಗದಗ ಎಂದರೆ ಹತ್ತಿ ಪೇಟೆ, ಮುದ್ರಣಾಲಯ, ನೇಕಾರಿಕೆ. ಇನ್ನು ಇಪ್ಪತ್ತು ವರ್ಷ ತಡೆದರೆ ಗದಗ ಹುಬ್ಬಳ್ಳಿಯ ಭುಜಕ್ಕೆ ಬರುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. 1997ರಲ್ಲಿ ಜಿಲ್ಲೆಯಾಗಿದ್ದೇನೋ ನಿಜ. ಆದರೆ ಈಗ ನಮ್ಮ ಮನೆಯ ಎಡಕ್ಕೂ ಬಲಕ್ಕೂ ಬೀಗ ಜೋತಾಡುತ್ತಿದೆ. ಮಕ್ಕಳೆಲ್ಲ ಹೊರಗೆ.

2011ರ ಜನಗಣತಿಯ ಪ್ರಕಾರ ಹುಬ್ಬಳ್ಳಿ-ಧಾರವಾಡ 9.43 ಲಕ್ಷ, ಮೈಸೂರು ಒಂಬತ್ತು ಲಕ್ಷದ ಆಸುಪಾಸು, ಬೆಳಗಾವಿ ಐದು ಲಕ್ಷಕ್ಕೆ ತುಸು ಕಡಿಮೆ. ಅದಾದ ಮೇಲೆ ಗಣತಿಯ ಅಂಕಿಯೇ ಬಂದಿಲ್ಲ. ಇಷ್ಟು ಹಳೆಯ ಅಂಕಿಯನ್ನು ಇಟ್ಟುಕೊಂಡು ನಾನು ಮಕ್ಕಳಿಗೂ ಲೆಕ್ಕ ಕೊಡುವುದಿಲ್ಲ. ಊರುಗಳನ್ನು ಬಲ್ಲವರು ಹೇಳಿ, ಯಾವುದು ಏಳುತ್ತದೆ, ಯಾವುದು ಕೂರುತ್ತದೆ?

ಕುಕ್ಕರಹಳ್ಳಿ ದಂಡೆ:

ಮಗಳ ಮಾತು ಕೇಳಿ. ಊರನ್ನು ಯೋಜಿಸಿ ಕಟ್ಟಬೇಕೆಂದು 1903ರಲ್ಲೇ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಮೈಸೂರು. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಕಬಿನಿ. 2023ರ ಮಾರ್ಚ್‌ನಲ್ಲಿ ದಶಪಥ ಉದ್ಘಾಟನೆಯಾದ ಮೇಲೆ ಬೆಂಗಳೂರು ಪಕ್ಕದ ಮನೆಯಂತಾಗಿದೆ. ಎರಡನೇ ಊರು ಯಾವುದು ಎಂಬ ಪ್ರಶ್ನೆಯೇ ನನಗೆ ವಿಚಿತ್ರವಾಗಿ ಕಾಣುತ್ತದೆ.

ಒಂದು ಮಾತು ಮುಚ್ಚಿಡುವುದಿಲ್ಲ. ನಮ್ಮ ಬೀದಿಯಲ್ಲಿ ಹನ್ನೊಂದು ನಿವೇಶನಗಳಿವೆ. ಆರರಲ್ಲಿ ಪಾರ್ಥೇನಿಯಂ ಬೆಳೆದಿದೆ. ಒಡೆಯರೆಲ್ಲ ಬೆಂಗಳೂರಿನವರು, ವರ್ಷಕ್ಕೊಮ್ಮೆ ಬಂದು ಕಲ್ಲು ನೋಡಿ ಹೋಗುತ್ತಾರೆ. ಬೆಲೆ ಮಾತ್ರ ಬಿಸಿಲಿನ ಪಾದರಸದ ಹಾಗೆ ಏರುತ್ತಿದೆ.

ಬಿಲ್ಟಿ ಗುಮಾಸ್ತ:

ಅಕ್ಕಾವರೇ (ದಕ್ಷಿಣದವರಿಗಾಗಿ ಹೇಳುತ್ತೇನೆ, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದು ಹೀಗೆಯೇ), ನಾನು ಮೂವತ್ತಮೂರು ವರ್ಷ ಲಾರಿ ಬುಕಿಂಗ್ ಕಚೇರಿಗಳಲ್ಲಿ ಬಿಲ್ಟಿ, ಅಂದರೆ ಸಾಗಿಸುವ ಮಾಲಿನ ರಸೀದಿ, ಬರೆದವನು. ಮೊದಲು ದಾವಣಗೆರೆ, ಆಮೇಲೆ ಹುಬ್ಬಳ್ಳಿ. ಯಾರು ಕಳಿಸಿದರು, ಯಾರಿಗೆ, ಎಷ್ಟು ನಗ, ಬಾಡಿಗೆ ಪೇಡೋ (ಕಳಿಸಿದವನೇ ಕೊಟ್ಟಾಯಿತು) ಟು ಪೇಯೋ (ಮಾಲು ಬಿಡಿಸಿಕೊಳ್ಳುವವನು ಕೊಡಬೇಕು), ಇಷ್ಟೇ ನನ್ನ ವಿದ್ಯೆ. ಊರಿನ ಜಾತಕ ನನಗೆ ಗೊತ್ತಿಲ್ಲ. ತುಂಬಿಕೊಂಡು ಬಂದ ಲಾರಿ ವಾಪಸು ಏನು ಹೊತ್ತುಕೊಂಡು ಹೋಗುತ್ತದೆ ಎಂಬುದು ಗೊತ್ತು.

ರಿಟರ್ನ್ ಲೋಡ್ ಸಿಗದ ಊರಿನಲ್ಲಿ ಲಾರಿ ಎರಡು ಮೂರು ದಿನ ನಿಲ್ಲುತ್ತದೆ. ಚಾಲಕ ಗಾಲಿಯ ನೆರಳಿನಲ್ಲಿ ಸ್ಟೋವ್ ಹಚ್ಚಿ ಅನ್ನ ಮಾಡಿಕೊಳ್ಳುತ್ತಾನೆ, ಕ್ಲೀನರ್ ಬಟ್ಟೆ ಒಗೆದು ಹಗ್ಗಕ್ಕೆ ಹಾಕುತ್ತಾನೆ. ಮುಂದಿನ ಸಲ ಆ ಊರಿಗೆ ಹೋಗು ಎಂದರೆ ಎರಡೂ ಕಡೆಯ ಬಾಡಿಗೆ ಕೇಳುತ್ತಾನೆ. ಹಾಗಾಗಿ ಅಲ್ಲಿ ಸಿಮೆಂಟಿನಿಂದ ಸಾಬೂನಿನವರೆಗೆ ಎಲ್ಲವೂ ನಾಲ್ಕು ಕಾಸು ತುಟ್ಟಿ, ಕಾರ್ಖಾನೆ ಹಾಕುವವನು ಹಿಂದೆ ಸರಿಯುತ್ತಾನೆ. ನಾನು ಹುಬ್ಬಳ್ಳಿಯಲ್ಲಿ ಕೂತಷ್ಟು ವರ್ಷ ಹಗ್ಗಕ್ಕೆ ಬಟ್ಟೆ ಹಾಕುವಷ್ಟು ಹೊತ್ತು ಯಾವ ಲಾರಿಯೂ ನಿಂತಿಲ್ಲ. ಮೆಣಸಿನಕಾಯಿ, ಹತ್ತಿ, ಶೇಂಗಾ, ಉಳ್ಳಾಗಡ್ಡಿ, ಏನೂ ಇಲ್ಲದಿದ್ದರೆ ಖಾಲಿ ಡಬ್ಬಿಯಾದರೂ ಸಿಗುತ್ತಿತ್ತು. ಪುಣೆ-ಬೆಂಗಳೂರು ರಸ್ತೆ, ಅಂಕೋಲಾ-ಗುತ್ತಿ ರಸ್ತೆ, ವಿಜಯಪುರದ ರಸ್ತೆ ಮೂರೂ ಕೂಡುವ ಜಾಗ ಅದು.

ಮೈಸೂರಿನವರು ಬೆಂಗಳೂರು ಪಕ್ಕದ ಮನೆ ಎಂದು ಹಿಗ್ಗುತ್ತಿದ್ದಾರೆ. ನನಗೆ ಅಳುಕು ಇರುವುದೇ ಅಲ್ಲಿ. ಮೈಸೂರಿನ ಅಂಗಡಿಯವನು ಬೆಳಿಗ್ಗೆ ಹೊರಟು ಬೆಂಗಳೂರಿನಲ್ಲಿ ಮಾಲು ಕೊಂಡು ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾನೆ. ಅಲ್ಲಿ ಸಗಟು ವ್ಯಾಪಾರ ಬೆಳೆಯುವುದು ಹೇಗೆ? ಹುಬ್ಬಳ್ಳಿಯಿಂದ ಬೆಂಗಳೂರು ನಾನೂರು ಕಿಲೋಮೀಟರ್. ಕೊಪ್ಪಳದ, ಹಾವೇರಿಯ, ಕಾರವಾರದ, ನಿಮ್ಮ ಗದಗದ ಅಂಗಡಿಯವನು ಅಷ್ಟು ದೂರ ಹೋಗುವುದಿಲ್ಲ, ಹುಬ್ಬಳ್ಳಿಗೇ ಬರುತ್ತಾನೆ. ಆ ದೂರವೇ ಹುಬ್ಬಳ್ಳಿಯನ್ನು ಸಾಕುತ್ತಿದೆ.

2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಬಂತು, 2023ರಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಬಂತು, ಜಗತ್ತಿನಲ್ಲೇ ಉದ್ದ ಎಂದು ಫಲಕ ಹಾಕಿದರು. ಅದರ ಉದ್ದ ನೋಡಿ ನಿವೇಶನ ಕೊಳ್ಳಬೇಡಿ. ರಾತ್ರಿ ಅದರ ಮೇಲೆ ಬ್ಯಾಗು ಹಿಡಿದು ನಿಂತ ಹುಡುಗರು ಬೆಂಗಳೂರಿನ ರೈಲನ್ನೇ ಕಾಯುತ್ತಿರುತ್ತಾರೆ.

ಇನ್ನು ನನ್ನ ವಿದ್ಯೆ ಕೈಕೊಟ್ಟ ಕಥೆ. ದಾವಣಗೆರೆಯಲ್ಲಿದ್ದಾಗ ಅದು ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಅರಳೆ ಒಳಗೆ ಬರುತ್ತಿತ್ತು, ಬಟ್ಟೆ ಹೊರಗೆ ಹೋಗುತ್ತಿತ್ತು. ಗಿರಣಿಗಳು ಒಂದೊಂದಾಗಿ ಸೊರಗಿದಾಗ ಬಟ್ಟೆಯ ಬಿಲ್ಟಿ ನಿಂತಿತು. ಈ ಊರು ಮುಗಿಯಿತು ಎಂದು ಷರಾ ಬರೆದು ನಾನು ಹುಬ್ಬಳ್ಳಿಗೆ ಬಂದೆ. ನಾನು ಹೊರಡುವ ಮೊದಲೇ ದಾವಣಗೆರೆಯಲ್ಲಿ ಪ್ರತಿ ವರ್ಷ ಮಳೆಗಾಲದ ಆರಂಭದಲ್ಲಿ ಕಬ್ಬಿಣದ ಮಂಚ, ಹಾಸಿಗೆಯ ಸುರುಳಿಗಳ ಲೋಡು ಬಂದು ಇಳಿಯುತ್ತಿತ್ತು. ಎಲ್ಲವೂ ವಿದ್ಯಾರ್ಥಿ ನಿಲಯಗಳಿಗೆ. ಕಾಲೇಜುಗಳು ಬೆಳೆಯುತ್ತಿದ್ದವು. ಆ ಬಿಲ್ಟಿಗಳನ್ನು ನೋಡಿ ಮಾಲು ಬಿಟ್ಟುಕೊಟ್ಟದ್ದು ನಾನೇ, ಆದರೂ ಕಣ್ಣಿಗೆ ಬೀಳಲಿಲ್ಲ. ಇವತ್ತು ದಾವಣಗೆರೆ ಓದಿನ ಮೇಲೆ ನಿಂತಿದೆ, ಜೊತೆಗೆ ಬೆಣ್ಣೆ ದೋಸೆ.

ಕೆಜಿಎಫ್‌ನವರೊಬ್ಬರು ನಮ್ಮಲ್ಲಿ ಚಾಲಕರಾಗಿದ್ದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಅವರ ಊರಿನ ಗಣಿಗೆ ಬಂತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆ ಮೂರು ವರ್ಷದ ನಡುವೆ ಯಾರನ್ನಾದರೂ ನಿಮ್ಮ ಪ್ರಶ್ನೆ ಕೇಳಿದ್ದರೆ ಏನು ಹೇಳುತ್ತಿದ್ದರು? 2001ರಲ್ಲಿ ಗಣಿ ಮುಚ್ಚಿತು. ಆ ಮೇಲೆ ಅವರು ಊರಿನ ಮಾತು ಎತ್ತಿದರೆ ಬೀಡಿ ಹಚ್ಚುತ್ತಿದ್ದರು, ಅಷ್ಟೇ.

ಅಂಕಿಯನ್ನೂ ನಂಬಬೇಡಿ. 1962ರಲ್ಲಿ ಎರಡು ಊರು ಕೂಡಿಸಿ ಒಂದು ಪಾಲಿಕೆ ಮಾಡಿದ್ದರಿಂದ ನಮ್ಮದು ಎರಡನೆಯದಾಯಿತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಎಂದು ಸಚಿವ ಸಂಪುಟ ಒಪ್ಪಿದೆ. ಒಬ್ಬ ಮನುಷ್ಯನೂ ಮನೆ ಬದಲಿಸದೆ ಮೈಸೂರು ಮುಂದಾಗುತ್ತದೆ.

ನನ್ನ ಇಡೀ ಲೆಕ್ಕ ತೊಯ್ದುಹೋಗುವುದು, ಅಥವಾ ಒಣಗಿಹೋಗುವುದು, ನೀರಿನಲ್ಲಿ. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಸವದತ್ತಿಯ ಮಲಪ್ರಭೆಯ ನೀರು. ನಿಮ್ಮ ಜಿಲ್ಲೆಯ ಹೊಲಗಳಿಗೂ ಅದೇ ಬೇಕು. ಮಲಪ್ರಭೆಗೆ ಮಹದಾಯಿ ನದಿಯ ನೀರು ತಿರುಗಿಸಬೇಕೆಂಬುದು ಹಳೆಯ ಬೇಡಿಕೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. ತೀರ್ಪನ್ನು ಕೊಡದಲ್ಲಿ ಹಿಡಿಯಲು ಬರುವುದಿಲ್ಲ. ನಿವೇಶನ ನೋಡಲು ಹೋದಾಗ ದಲ್ಲಾಳಿಯ ನಕ್ಷೆ ನೋಡಬೇಡಿ, ಪಕ್ಕದ ಮನೆಯ ಬಾಗಿಲು ತಟ್ಟಿ ನೀರು ಎಷ್ಟು ದಿನಕ್ಕೊಮ್ಮೆ ಎಂದು ಕೇಳಿ.

ಶಹಾಪುರದವ:

ಗುಮಾಸ್ತರು ಬೆಳಗಾವಿಯನ್ನು ಬೇಕೆಂದೇ ಬಿಟ್ಟರು. ವಾಪಸು ಲೋಡಿನದ್ದೇ ಲೆಕ್ಕ ಎಂದಾದರೆ ಉದ್ಯಮಬಾಗದ ಫೌಂಡ್ರಿಗಳಿಂದ ಎರಕದ ಬಿಡಿಭಾಗ ತುಂಬಿದ ಲಾರಿಗಳನ್ನು ಬಂದು ನೋಡಲಿ. ಕೊಲ್ಹಾಪುರ, ಪುಣೆ ಎರಡೂ ನಮ್ಮ ಗಿರಾಕಿಗಳು. ಹತ್ತರಗಿಯಲ್ಲಿ ವಿಮಾನದ ಭಾಗಗಳನ್ನೂ ಮಾಡುತ್ತಾರೆ. ನೀರಿಗೆ ರಕ್ಕಸಕೊಪ್ಪ, ಹಿಡಕಲ್ ಎರಡು ಜಲಾಶಯಗಳಿವೆ.

ಬಿಲ್ಟಿ ಗುಮಾಸ್ತ:

ಎರಕದ ಮಾತು ಒಪ್ಪಿದೆ, ಭಾರದ ಲೋಡು ಅದು. ಆದರೆ 2012ರಲ್ಲಿ ಕಟ್ಟಿದ ಸುವರ್ಣ ವಿಧಾನಸೌಧವನ್ನು ನೀವೇ ಹೆಸರಿಸಲಿಲ್ಲ, ಗಮನಿಸಿದೆ. ಚಳಿಗಾಲದ ಕೆಲವು ದಿನ ಅಧಿವೇಶನ, ಹೋಟೆಲುಗಳು ಭರ್ತಿ, ಆಮೇಲೆ ಅದೂ ಖಾಲಿ ಲಾರಿಯೇ.

ತೊಗರಿ ಕಣಜ:

ಕಲಬುರಗಿಯ ಹೆಸರು ಯಾರ ಬಾಯಲ್ಲೂ ಇಲ್ಲ, ಅಭ್ಯಾಸವಾಗಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಕೇಂದ್ರೀಯ ವಿಶ್ವವಿದ್ಯಾಲಯ ಬಂತು, 2019ರಲ್ಲಿ ವಿಮಾನ ನಿಲ್ದಾಣವೂ ಬಂತು. ನಮ್ಮ ಓಣಿಯ ಹುಡುಗರು ಈಗಲೂ ಹತ್ತುವುದು ಮುಂಬೈ, ಪುಣೆ, ಹೈದರಾಬಾದಿನ ರೈಲನ್ನೇ. ಟೀಚರ್, ಮನೆ ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಮಾತ್ರ ಇತ್ತ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ನೀವು ಇರಲಾರಿರಿ.

ಗದಗದ ಗಣಿತ:

ಎಲ್ಲರಿಗೂ ನಮಸ್ಕಾರ. ಭಾನುವಾರ ತಮ್ಮನ ಜೊತೆ ಹುಬ್ಬಳ್ಳಿಯ ಬೈಪಾಸ್ ಕಡೆಯ ಒಂದು ಬಡಾವಣೆಗೆ ಹೋಗಿದ್ದೆ. ದಲ್ಲಾಳಿ ಕಾರಿನ ಬಾನೆಟ್ ಮೇಲೆ ನಕ್ಷೆ ಹಾಸಿ ವರ್ತುಲ ರಸ್ತೆ ಎಲ್ಲಿ ಬರುತ್ತದೆ ಎಂದು ಬೆರಳಾಡಿಸುತ್ತಿದ್ದ. ನಾನು ಮೂರನೇ ಮನೆಯ ಬಾಗಿಲು ತಟ್ಟಿದೆ. ಆ ಹೆಣ್ಣುಮಗಳು ಮಾತಾಡಲೇ ಇಲ್ಲ, ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಏಳು ನೀಲಿ ಡ್ರಮ್ಮು. ಎಂಟನೇ ದಿನಕ್ಕೆ ನೀರಂತೆ, ದಿನಕ್ಕೊಂದು ಡ್ರಮ್ಮು, ಕೊನೆಯ ದಿನ ಪಕ್ಕದ ಮನೆಯಲ್ಲಿ ಸಾಲ.

ಧಾರವಾಡದಲ್ಲಿ 2008ರಿಂದಲೇ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಡುವ ಕೆಲವು ವಾರ್ಡುಗಳಿವೆಯಲ್ಲ, ಅಲ್ಲೊಂದು ಹಳೆಯ ಹಂಚಿನ ಮನೆ ಮಾರಾಟಕ್ಕಿದೆ ಎಂದು ತಮ್ಮ ಹೇಳುತ್ತಾನೆ. ನಿವೇಶನಕ್ಕಿಂತ ತುಟ್ಟಿ. ಮಗಳು ಮುನಿಸಿಕೊಂಡಿದ್ದಾಳೆ. ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ಮೊದಲು ನಲ್ಲಿ ತಿರುಗಿಸಿ ನೋಡುತ್ತೇನೆ.

ಬಿಲ್ಟಿ ಗುಮಾಸ್ತ:

ಮಧ್ಯಾಹ್ನ ಮೂರರ ಹೊತ್ತಿಗೆ ತಿರುಗಿಸಿ. ಬರುತ್ತೇನೆಂದು ಮೊದಲೇ ಫೋನ್ ಮಾಡಬೇಡಿ, ಮೇಲಿನ ಟ್ಯಾಂಕ್ ತುಂಬಿಸಿಟ್ಟಿರುತ್ತಾರೆ.