ಹುಬ್ಬಳ್ಳಿಯಿಂದ ಒಂದ ದಿನದಾಗ ಸಮುದ್ರ ನೋಡಿ ಬರೂದು ಹೆಂಗ್ರಿ?

ವಿದ್ಯಾನಗರದಾಕಿ:
ನಮಸ್ಕಾರ್ರಿ. ನಮ್ಮತ್ತಿಯವರಿಗೆ 64 ವರ್ಷ. ಗದಗ ಕಡೆ ಎರಿಹೊಲ ಬಿಟ್ಟು ದೂರ ಹೋದವರಲ್ಲ, ಒಮ್ಮೆ ಸಮುದ್ರ ನೋಡಬೇಕು ಅಂತಾರ. ಫೆಬ್ರವರಿದಾಗ ಒಂದ ರವಿವಾರ ನಾನು, ಅತ್ತಿ, ನಾದಿನಿ, ನನ್ನ ಎರಡು ಹೆಣ್ಣುಡುಗ್ರು ಹೋಗಬೇಕಂತ ಮಾಡೇವಿ. ರೂಮ್ ಮಾಡೂವಷ್ಟು ರೊಕ್ಕ ಇಲ್ಲ. ಗೋಕರ್ಣ, ಮುರ್ಡೇಶ್ವರ, ಕಾರವಾರ ಮೂರೂ ಆಗ್ತಾವೇನ್ರಿ? ಪುಕ್ಕಟ ನೋಡೂವಂಥಾದ್ದು ಏನೇನ ಐತಿ?

ಸಪ್ತಾಪುರ ಮಾಸ್ತರ:
ಅಕ್ಕಾರ, ಮೂರೂ ಬ್ಯಾಡ್ರಿ. ಹುಬ್ಬಳ್ಳಿ ರಸ್ತಾ ಕರಾವಳಿ ಮುಟ್ಟೂದು ಅಂಕೋಲಾದಾಗ, ಅಲ್ಲಿಂದ ಕಾರವಾರ ಉತ್ತರಕ್ಕ, ಮುರ್ಡೇಶ್ವರ ದಕ್ಷಿಣಕ್ಕ. ದಿನಾ ಪೂರ್ತಿ ಬಸ್ಸಿನ್ಯಾಗ ಹೋಗತೈತಿ. ಗೋಕರ್ಣ ಒಂದ ಹಿಡೀರಿ, ಶಿವರಾತ್ರಿ ವಾರ ಮಾತ್ರ ತಪ್ಪಸ್ರಿ, ಜಾತ್ರಿ ಗದ್ದಲದಾಗ ವಯಸ್ಸಾದವರಿಗೆ ತ್ರಾಸ.

ಹೋಗೂದೂ ಪುಕ್ಕಟ. 2023ರ ಜೂನ್ 11ರಿಂದ ಶಕ್ತಿ ಯೋಜನಾ ಐತೆಲ್ಲ, ವೇಗದೂತ ಬಸ್ ಹತ್ತರಿ, ರಾಜಹಂಸ ಬ್ಯಾಡ. ನಸುಕಿನ ಬಸ್ ಹಿಡದ್ರ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳದು ನಾಲ್ಕ ತಾಸಿನ ಆಜೂಬಾಜೂ ಮುಟ್ಟತೀರಿ. ಘಟ್ಟಕ್ಕಿಂತ ಮೊದಲ ಹುಡುಗ್ರಿಗೆ ಹೊಟ್ಟಿ ತುಂಬ ತಿನಸಬ್ಯಾಡ್ರಿ.

ಗೋಕರ್ಣದ ಹತ್ರ ಸಾಣಿಕಟ್ಟಾದ ಉಪ್ಪಿನ ಆಗರ ಅದಾವು, ಅವನ್ನ ಅತ್ತಿಯವರಿಗೆ ತೋರಸ್ರಿ. ನಮ್ಮ ತ್ವಾಟದಂಗನ ಮಡಿ, ಬದು ಎಲ್ಲಾ ಅದಾವು, ಆದರ ಒಳಗ ಉಪ್ಪುನೀರು. ಬಿಸಿಲಿಗೆ ನೀರು ಆರಿ ಅಂಚಿಗುಂಟ ಬೆಳ್ಳಗ ಹೆಪ್ಪುಗಟ್ಟಿರತೈತಿ, ಅದನ್ನ ಎಳದು ಬದುವಿನ ಮ್ಯಾಲ ಗುಡ್ಡಿ ಹಾಕಿರತಾರ. "ಇದೂ ಒಂದ ಪೀಕಲ್ಲೇನೋ" ಅಂದ್ಲು ನಮ್ಮವ್ವ. ನನಗ ಓಂ ಬೀಚಿಗಿಂತ ಅದ ಹೆಚ್ಚು ನೆನಪೈತಿ.

ಇಳದಕೂಡ್ಲೇ ಮಹಾಬಲೇಶ್ವರನ ದರ್ಶನ ಮುಗಸ್ರಿ, ಮಧ್ಯಾಹ್ನ ಬಾಗಲಾ ಹಾಕತಾರ. ಗುಡಿಯಿಂದ ನಾಲ್ಕ ಹೆಜ್ಜಿಗೆ ಸಮುದ್ರ. ದಂಡಿಯ ದಕ್ಷಿಣದ ತುದಿಗೆ ರಾಮನ ಗುಡಿ, ಅಲ್ಲಿ ರಾಮತೀರ್ಥ ಅಂತ ಗುಡ್ಡದಿಂದ ಸೀನೀರು ಬೀಳತೈತಿ. ಎದುರಿಗೇ ಅಷ್ಟು ದೊಡ್ಡ ಉಪ್ಪುನೀರು, ಇಲ್ಲಿ ಬೊಗಸಿಯೊಳಗ ತಣ್ಣನ ಸೀನೀರು! ಕುಡ್ಲೆ, ಓಂ ಬೀಚಿಗೆ ಗುಡ್ಡಾ ಹತ್ತಿ ಇಳೀಬೇಕು. ಮಣಕಾಲು ನೋವಿದ್ದವರಿಗೆ ಬ್ಯಾಡ. ಹನ್ನೆರಡರ ಮ್ಯಾಲ ಉಸುಕು ಹಂಚಿನಂಗ ಕಾಯತೈತಿ, ಚಪ್ಪಲಿ ದೂರ ಬಿಡಬ್ಯಾಡ್ರಿ.

ಬುತ್ತಿ ಮನಿಯಿಂದಲೇ ಒಯ್ಯರಿ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಒಯ್ದಿದ್ವಿ. ಗಂಟು ಬಿಚ್ಚಿದ ಕೂಡ್ಲೇ ಅವ್ವ ಒಂದ ತುತ್ತು ತಗೊಂಡು ನೀರಿನ ಕಡೆ ನಡದ್ಲು. ಎಳ್ಳಮಾಸಿಗೆ ಭೂಮಿತಾಯಿಗೆ ಎಡಿ ಅಂತ ಹೊಲದಾಗ ಚರಗ ಚೆಲ್ಲತಾರಲ್ಲ, ಹಂಗ ತೆರಿಗಳ ಮ್ಯಾಲ ಚೆಲ್ಲಿ, ಸೆರಗು ಹೊತ್ತು ಕೈಮುಗದ್ಲು. ಆಮ್ಯಾಲ ನಮಗ ಊಟ. ನಾನೂ ಅಲ್ಲಿತನಕ ಸಮುದ್ರಕ್ಕ ಕೈಮುಗದಾವಲ್ಲ, ಅವತ್ತ ಮುಗದೆ.

ಇನ್ನೊಂದು, ಸಂಜಿ ಬಸ್ಸಿನ ವ್ಯಾಳ್ಯಾ ಇಳದಕೂಡ್ಲೇ ನಿಲ್ದಾಣದಾಗ ಕೇಳಿ ಬರಕೊಳ್ರಿ. ನಾವು ಹೊತ್ತು ಮುಳಗೂದು ನೋಡಿ ಬರೂದ್ರಾಗ ಬಸ್ ಹೋಗಿತ್ತು. ಅವ್ವನ್ನ ಬೆಂಚಿನ ಮ್ಯಾಲ ಕುಂದರಿಸಿ ರಾತ್ರಿ ಕಳದ್ವಿ, ಇವತ್ತಿಗೂ ಅದು ನನ್ನ ಮನಸಿಗೆ ಚುಚ್ಚತೈತಿ.

ಹಾವೇರಿ ಏಲಕ್ಕಿ:
ಮಾಸ್ತರ್ರ ಮಾತು ಖರೇ. ಹುಡುಗ್ರನ್ನ ಮಣಕಾಲ ನೀರಿಗಿಂತ ಮುಂದ ಬಿಡಬ್ಯಾಡ್ರಿ ಅಕ್ಕಾರ. ಕೆರಿಯಾಗ ಈಜಿದವರಿಗೂ ಅಲ್ಲಿ ಸೆಳೆತ ತಿಳಿಯೂದಿಲ್ಲ, ತೆರಿ ಹಿಂದ ಸರಿಯೂವಾಗ ಕಾಲ ಕೆಳಗಿನ ಉಸುಕ ಜಾರತೈತಿ. ಮುಂದಿನ ಸಲ ಕುಮಟಾ ಕಡೆ ಹೋದ್ರ ಮಿರ್ಜಾನ್ ಕೋಟಿ ಬಿಡಬ್ಯಾಡ್ರಿ, ಗೇರುಸೊಪ್ಪೆಯ ಚೆನ್ನಭೈರಾದೇವಿ ಕಟ್ಟಿಸಿದ್ದಂತಾರ. ನಾವು ಹೋದಾಗ ಟಿಕೆಟ್ ಇರಲಿಲ್ಲ.

ವಿದ್ಯಾನಗರದಾಕಿ:
ಭಾಳ ಉಪಕಾರ ಆತ್ರಿ. ಗೋಕರ್ಣ ಒಂದ ಅಂತ ಠರಾಸಿದ್ವಿ. ಚರಗದ ಸುದ್ದಿ ಓದಿ ಹೇಳಿದ್ದಕ್ಕ ಅತ್ತಿ ಈಗಿಂದನ ಕಡಬು ಮಾಡೂ ಮಾತು ತಗದಾರ. ನಾದಿನಿ ಆಧಾರ್‌ನ್ಯಾಗ ಇನ್ನೂ ಸಾಂಗ್ಲಿ ವಿಳಾಸ ಐತಿ, ಪುಕ್ಕಟ ಬಸ್ಸಿಗೆ ನಡೀತೈತೇನ್ರಿ?

ಸಪ್ತಾಪುರ ಮಾಸ್ತರ:
ಇಲ್ರಿ, ಕರ್ನಾಟಕದ ವಿಳಾಸ ಬೇಕು. ಅವರದೊಂದು ಟಿಕೆಟ್ ತಗೀರಿ.