ಕಂಪನಿ ದೊಡ್ಡದಾಯಿತು, ಲೀಗಲ್‌ನಲ್ಲಿ ಇಬ್ಬರೇ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ. ಎರಡು ವರ್ಷದಲ್ಲಿ ಸಿಬ್ಬಂದಿ 90ರಿಂದ 400 ಆಗಿದ್ದಾರೆ, ಲೀಗಲ್‌ನಲ್ಲಿ ನಾವಿನ್ನೂ ಇಬ್ಬರೇ. ಅಗ್ರಿಮೆಂಟ್‌ಗಳು ಮೇಲ್‌ನಲ್ಲೇ ಕೊಳೆಯುತ್ತಿವೆ. ನಾಳೆ ಡೇಟಾ ಸೋರಿಕೆಯಾದರೆ ಏನೂ ತಯಾರಿ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಎರಡು ವಾರ ಬರುವ ಪ್ರತಿ ಕೆಲಸವನ್ನೂ ಒಂದೇ ಶೀಟ್‌ಗೆ ಹಾಕಿ: ಯಾರು ಕೇಳಿದರು, ಯಾವತ್ತು, ಮೊತ್ತ ಎಷ್ಟು, ಯಾರ ಹತ್ತಿರ ನಿಂತಿದೆ. ಎನ್‌ಡಿಎಗಳೇ (ಮಾಹಿತಿ ಗುಟ್ಟಾಗಿಡುವ ಒಪ್ಪಂದಗಳು) ರಾಶಿ ಇರುತ್ತವೆ. ಅದಕ್ಕೆ ನಿಮ್ಮದೇ ಎರಡು ಪುಟದ ನಮೂನೆ ಮಾಡಿ. ಒಂದಕ್ಷರ ಬದಲಾಗದಿದ್ದರೆ ಲೀಗಲ್‌ಗೆ ಬರುವುದೇ ಬೇಡ. ಉಳಿದವಕ್ಕೆ ಸೇಲ್ಸ್‌ನವರ ಕೈಗೆ ಒಂದು ಪುಟ ಕೊಡಿ. ಉದಾಹರಣೆಗೆ ಹೊಣೆಗಾರಿಕೆ ಮಿತಿ, ಅಂದರೆ ನಷ್ಟವಾದರೆ ನಾವು ಗರಿಷ್ಠ ಎಷ್ಟು ಕಟ್ಟಿಕೊಡಬೇಕು ಅನ್ನೋದು: ಗ್ರಾಹಕರು ಕೊಡುವ 12 ತಿಂಗಳ ಶುಲ್ಕದಿಂದ ಮಾತು ಶುರು, 24 ತಿಂಗಳವರೆಗೆ ಒಪ್ಪಬಹುದು, ಅದರ ಮೇಲೆ ಸಿಎಫ್‌ಒ (ಹಣಕಾಸು ಮುಖ್ಯಸ್ಥರು) ಒಪ್ಪಿಗೆ. ಇ-ಸ್ಟ್ಯಾಂಪ್ ಸಹಿಗೆ ಮುಂಚೆಯೇ ಆಗಲಿ. ಸ್ಟ್ಯಾಂಪ್ ಕಡಿಮೆ ಬಿದ್ದ ಪತ್ರ ಕೋರ್ಟಿನಲ್ಲಿ ಸಾಕ್ಷ್ಯವಾಗಬೇಕಾದರೆ ಬಾಕಿ ಸುಂಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತೆ.

ಉತ್ತರ 2: ನನ್ನ ಪ್ರಕಾರ ಮೊದಲ ಕೆಲಸ ಟಪಾಲು. ನೋಂದಾಯಿತ ಕಚೇರಿಯ ವಿಳಾಸ ಇನ್ನೂ ಹಳೇ ಆಡಿಟರ್ ಆಫೀಸಿನದ್ದೇ ಇದ್ದರೆ ನೋಟಿಸ್ ಅಲ್ಲಿಗೇ ಹೋಗುತ್ತೆ, ಅಲ್ಲಿ ಯಾರೋ ಸಹಿ ಹಾಕಿದ ದಿನದಿಂದಲೇ ದಿನ ಎಣಿಸಬೇಕು ಅಂತ ಎದುರಿನವರು ವಾದಿಸುತ್ತಾರೆ. ಬಾಕಿ ಕೊಡಿ ಅಂತ ಸಾಲಗಾರರು ಕಳಿಸುವ ದಿವಾಳಿ ಸಂಹಿತೆಯ (ಐಬಿಸಿ) ಬೇಡಿಕೆ ನೋಟಿಸ್ ಬಂದರೆ, ಬಾಕಿ ಬಗ್ಗೆ ತಕರಾರಿದೆ ಅಂತ ಉತ್ತರಿಸಲು ಇರುವುದು 10 ದಿನ. ವಾಣಿಜ್ಯ ದಾವೆಯ ಸಮನ್ಸ್‌ಗೆ ಲಿಖಿತ ಹೇಳಿಕೆ (ನಮ್ಮ ಉತ್ತರ) 30 ದಿನದಲ್ಲಿ. ಕೋರ್ಟ್ ಮನಸ್ಸು ಮಾಡಿದರೂ 120 ದಿನ ದಾಟಿದ ಮೇಲೆ ಆ ಹಕ್ಕೇ ಇಲ್ಲ. ಲಕೋಟೆ ಬಿಸಾಡಬಾರದು. ಅದರ ಮೇಲೇ ಬಂದ ದಿನ, ಗಂಟೆ ಬರೆದು, ಒಳಗಿನದರ ಜೊತೆ ಸ್ಕ್ಯಾನ್ ಮಾಡಿ, ಅವತ್ತೇ ಲೀಗಲ್‌ನ ಒಂದು ಮೇಲ್ ಐಡಿಗೆ ಕಳಿಸಬೇಕು. ರಿಸೆಪ್ಷನ್, ಸೆಕ್ಯುರಿಟಿಯವರ ಪಕ್ಕ ಕೂತು ತೋರಿಸಿಕೊಡಿ, ಸರ್ಕ್ಯುಲರ್ ಸಾಲದು.

ಉತ್ತರ 3: ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ತಿಳಿಸಬೇಕು, 2022ರ ಏಪ್ರಿಲ್ 28ರ ನಿರ್ದೇಶನ ಅದು. ಐಟಿಯವರು "ಪೂರ್ತಿ ಪತ್ತೆಯಾಗಲಿ, ಆಮೇಲೆ ಹೇಳೋಣ" ಅಂತ ಕೂರುತ್ತಾರೆ, ಗಡುವು ತಪ್ಪುವುದು ಅಲ್ಲೇ. ಗೊತ್ತಿರುವಷ್ಟು ಕಳಿಸಿ, ಉಳಿದದ್ದು ಸೇರಿಸುತ್ತಾ ಹೋಗಿ. ಫೋನ್ ನಂಬರ್‌ಗಳ ಪಟ್ಟಿ ಕಾಗದದ ಮೇಲಿರಲಿ, ಮೇಲ್ ಸರ್ವರ್ರೇ ಬಿದ್ದಿರಬಹುದು. ಸಾಕ್ಷ್ಯ ಅಳಿಸಿಹೋಗದಂತೆ ಕೂಡಲೇ ಚಾಟ್‌ನ ಆಟೋ-ಡಿಲೀಟ್ ಆಫ್ ಮಾಡಿಸಿ. ಕೆಲಸ ಬಿಡುತ್ತಿರುವವರ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗದಂತೆ ತಡೆಯಿರಿ.

ಇನ್ನೊಂದು, ದಯವಿಟ್ಟು ಇದನ್ನು ಮರೆಯಬೇಡಿ. ಸಂಬಳದ ಲೀಗಲ್ ಸಿಬ್ಬಂದಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್‌ನ ವಕೀಲ-ಕಕ್ಷಿದಾರ ಗೋಪ್ಯತೆ (ಅವರ ನಡುವಿನ ಮಾತು ಬಹಿರಂಗವಾಗದಂತೆ ಇರುವ ರಕ್ಷಣೆ) ಸಿಗದು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿದೆ. ಮೊದಲ ಗಂಟೆಯಲ್ಲೇ ಹೊರಗಿನ ವಕೀಲರನ್ನು ನೇಮಿಸಿ, ಕಾನೂನು ಸಲಹೆ ಅವರಿಂದಲೇ ಬರಲಿ. ನಿಮ್ಮ ಮೇಲ್‌ನಲ್ಲಿ ನಡೆದದ್ದು, ನಡೆದ ಗಂಟೆ ಅಷ್ಟೇ ಇರಲಿ. ತಪ್ಪು ಯಾರದ್ದು ಅನ್ನೋ ಊಹೆ ಬೇಡ.

ಉತ್ತರ 4: ಮೂರನೆಯವರಾಗಿ ಇನ್ನೊಬ್ಬ ಲಾಯರ್ ಬದಲು ಕಾಂಟ್ರ್ಯಾಕ್ಟ್ ಮ್ಯಾನೇಜರ್ ತಗೊಳ್ಳಿ. ಉತ್ತರ 1ರ 24 ತಿಂಗಳಿಗೆ ನನ್ನ ಆಕ್ಷೇಪ ಇದೆ: ಡೇಟಾ ಸೋರಿಕೆಗೆ ಬೇರೆ ಮಿತಿ ಬೇಕು, ಅದನ್ನು ಸೈಬರ್ ವಿಮೆಯ ಮೊತ್ತ ನೋಡಿ ಇಡಿ. ಪಾಲಿಸಿಯನ್ನೂ ಈಗಲೇ ಓದಿ. ವಿಮೆಯವರ ಒಪ್ಪಿಗೆ ಇಲ್ಲದೆ ಫೊರೆನ್ಸಿಕ್ ತಂಡ (ಸೋರಿಕೆ ಹೇಗಾಯಿತು ಅಂತ ಪತ್ತೆ ಮಾಡುವವರು) ಕರೆಸಿದರೆ ಆ ಖರ್ಚು ಕ್ಲೇಮ್‌ನಲ್ಲಿ ನಿಲ್ಲದೇ ಹೋಗಬಹುದು.